ಗ್ಲೂವೈನೋ, ಗ್ಲೋಗೋ? ಕ್ರಿಸ್‌ಮಸ್ ಚಳಿಗೆ ಯಾವ ಬಿಸಿ ವೈನ್ ಮಾಡಬೇಕು

ನಮ್ಮ ಕಡೆಯವರ ಕೈಗೆ ಚಕ್ಕೆ, ಲವಂಗ, ಏಲಕ್ಕಿ ಸಿಕ್ಕಿತೆಂದರೆ ಮುಂದಿನ ಕೆಲಸ ಕುದಿಸುವುದು. ಕಷಾಯ ಎಂದ ಮೇಲೆ ಕುದಿಯಬೇಕು, ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯಬೇಕು. ಶಿರಸಿಯ ಮನೆಯಲ್ಲಿ ಅದನ್ನೇ ನೋಡಿ ಬೆಳೆದ ನಾನು, ಸ್ಟುಟ್‌ಗಾರ್ಟಿಗೆ ಬಂದ ಮೊದಲ ಡಿಸೆಂಬರಿನಲ್ಲಿ ಎರಡು ಬಾಟಲಿ ಒಳ್ಳೆಯ ಕೆಂಪು ವೈನನ್ನು ಮಸಾಲೆ ಹಾಕಿ ಕಾಲು ಗಂಟೆ ಕೊತಕೊತ ಕುದಿಸಿದೆ. ಮನೆಯೆಲ್ಲ ಘಮಘಮ. ಕಪ್ಪಿಗೆ ಬಗ್ಗಿಸಿ ಬಾಯಿಗಿಟ್ಟರೆ ಲವಂಗದ ಕಹಿ, ಹುಳಿ, ಒಗರು. ದ್ರಾಕ್ಷಿಯ ಹಣ್ಣಿನ ಪರಿಮಳ ಇರಬೇಕಾದಲ್ಲಿ ಏನೂ ಇರಲಿಲ್ಲ. ಅದು ಆಗಲೇ ಹಬೆಯ ಜೊತೆ ಅಡುಗೆಮನೆ ತುಂಬಿ ಕಿಟಕಿಯಿಂದ ಹೊರಗೆ ಹೋಗಿತ್ತು.

ಅಂದಿನಿಂದ ಪ್ರತಿ ವರ್ಷ ಅಡ್ವೆಂಟ್, ಅಂದರೆ ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕು ವಾರ, ಶುರುವಾದ ಮೇಲೆ ಒಂದಲ್ಲ ಒಂದು ಬಗೆಯ ಬಿಸಿ ವೈನ್ ಮಾಡುತ್ತಿದ್ದೇನೆ. ಯುರೋಪಿನಲ್ಲಿ ಒಂದೊಂದು ದೇಶಕ್ಕೆ ಒಂದೊಂದು ಹೆಸರು: ಜರ್ಮನಿಯಲ್ಲಿ ಗ್ಲೂವೈನ್, ಸ್ವೀಡನ್ನಿನಲ್ಲಿ ಗ್ಲೋಗ್, ಬ್ರಿಟನ್ನಿನಲ್ಲಿ ಮಲ್ಡ್ ವೈನ್, ಫ್ರಾನ್ಸಿನಲ್ಲಿ ವ್ಯಾಂ ಶೋ, ಇಟಲಿಯಲ್ಲಿ ವಿನ್ ಬ್ರುಲೆ. ಹೆಸರು ಬೇರೆಯಾದರೂ ಪದಾರ್ಥ ಒಂದೇ ಎಂದು ಮೊದಲು ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಯಾವುದು ಮಾಡಬೇಕೆಂದು ತೀರ್ಮಾನಿಸುವಾಗ ಈಗ ನಾನು ನೋಡಿಕೊಳ್ಳುವುದು ಎರಡು: ಬರುವವರು ಹೊರಗೆ ಚಳಿಯಲ್ಲಿ ನಿಂತು ಕುಡಿಯುತ್ತಾರೋ, ಒಳಗೆ ಬೆಚ್ಚಗೆ ಕೂತು ಕುಡಿಯುತ್ತಾರೋ? ಅವರಲ್ಲಿ ಮದ್ಯ ಮುಟ್ಟದವರು ಎಷ್ಟು ಜನ? ಇವೆರಡು ಗೊತ್ತಾದರೆ ಆಯ್ಕೆ ಅರ್ಧ ಮುಗಿದಂತೆ.

ನಿಂತು ಕುಡಿಯುವುದಕ್ಕೆ ಗ್ಲೂವೈನ್

ಗ್ಲೂವೈನ್ ಬೀದಿಯ ಪಾನೀಯ, ಕ್ರಿಸ್‌ಮಸ್ ಸಂತೆಗಳಲ್ಲಿ ಸಿಗುವಂಥದ್ದು. ಡ್ರೆಸ್ಡನ್ನಿನ ಸ್ಟ್ರೀತ್ಸೆಲ್‌ಮಾರ್ಕ್ಟ್ 1434ರಿಂದ ನಡೆದುಬಂದಿರುವ ಸಂತೆ. ನ್ಯೂರೆಂಬರ್ಗಿನ ಸಂತೆಯೂ ಕೆಲವು ಶತಮಾನ ಹಳೆಯದು. ನಮ್ಮ ಸ್ಟುಟ್‌ಗಾರ್ಟಿನಲ್ಲಿ ಮರದ ಅಂಗಡಿಗಳ ಮಾಡಿನ ಮೇಲೆಲ್ಲ ಬೊಂಬೆ, ದೀಪ, ಹಸಿರು ಕೊಂಬೆಗಳ ಸಿಂಗಾರ ಇರುತ್ತದೆ. ಗಾಳಿ ಕಿವಿ ಕೊಯ್ಯುತ್ತಿರುತ್ತದೆ, ಕೈಗವಸಿನೊಳಗೆ ಬೆರಳು ಮರಗಟ್ಟಿರುತ್ತದೆ. ಆಗ ಕೈಗೆ ಬರುವ ದಪ್ಪ ಪಿಂಗಾಣಿ ಮಗ್ಗಿನ ಬಿಸಿಯೇ ಅರ್ಧ ಸುಖ. ಹೆಚ್ಚಾಗಿ 200 ಮಿಲಿಲೀಟರ್ ಅಳತೆ. ಮಗ್ಗಿಗೆ ಬೇರೆ ಠೇವಣಿ ಕೊಡಬೇಕು. ಮರಳಿಸಿದರೆ ಹಣ ವಾಪಸು, ಮರಳಿಸದಿದ್ದರೆ ಆ ಊರಿನ ಚಿತ್ರವಿರುವ ಮಗ್ಗು ನಿಮ್ಮದು. ನಮ್ಮ ಮನೆಯ ಕಪಾಟಿನಲ್ಲಿ ಹಾಗೆ ಸೇರಿದ ಹನ್ನೊಂದು ಮಗ್ಗುಗಳಿವೆ.

ರುಚಿ ಸರಳ: ಕೆಂಪು ವೈನ್, ಚಕ್ಕೆ, ಲವಂಗ, ಕಿತ್ತಳೆ, ಸಕ್ಕರೆ. ಚಕ್ರಮೊಗ್ಗು ಒಂದು ಹಾಕುವವರಿದ್ದಾರೆ. ಇದಕ್ಕೆ ಕಾನೂನಿನ ಚೌಕಟ್ಟೂ ಇದೆ. ಬಾಟಲಿಯ ಮೇಲೆ ಗ್ಲೂವೈನ್ ಎಂದು ಬರೆಯಬೇಕಾದರೆ ಅದು ವೈನಿನಿಂದಲೇ ಆಗಿರಬೇಕು, ಮುಖ್ಯ ಘಮ ಚಕ್ಕೆ ಅಥವಾ ಲವಂಗದ್ದಾಗಿರಬೇಕು, ಮದ್ಯಸಾರ ಶೇ 7ಕ್ಕಿಂತ ಕಡಿಮೆ ಇರಕೂಡದು, ನೀರು ಬೆರೆಸಕೂಡದು ಎನ್ನುತ್ತದೆ ಐರೋಪ್ಯ ಒಕ್ಕೂಟದ 2014ರ ನಿಯಮ. ಬಿಳಿ ವೈನಿನದಾದರೆ ಅದನ್ನು ಹೆಸರಿನಲ್ಲೇ ಹೇಳಬೇಕು. ಹಾಗಾಗಿ ಸೂಪರ್‌ಮಾರ್ಕೆಟ್ಟಿನಲ್ಲಿ ಸಾಲಾಗಿ ನಿಂತ ಬಾಟಲಿಗಳಲ್ಲಿ ಆರಿಸುವಾಗ ನಾನು ಮೊದಲು ನೋಡುವುದು ಆ ಪದ ಇದೆಯೋ ಇಲ್ಲವೋ ಎಂದು. ಬ್ಲೂಬೆರಿ, ಚೆರಿ ಮುಂತಾದ ಹಣ್ಣಿನ ವೈನಿನಿಂದ ಮಾಡಿದ ಬಿಸಿ ಪಾನೀಯಗಳೂ ಚೆನ್ನಾಗಿರುತ್ತವೆ, ಆದರೆ ಅವುಗಳ ದಾರಿಯೇ ಬೇರೆ.

ಬಾಟಲಿಯದು ಕೊಳ್ಳುವುದೋ, ಮನೆಯಲ್ಲಿ ಮಾಡುವುದೋ? ಮನೆಯಲ್ಲಿ ಮಾಡಿ. ತಯಾರಾದದ್ದು ಬಹುತೇಕ ಅತಿ ಸಿಹಿ. ಒಂದು ಮಗ್ಗು ಮುಗಿಯುವುದರೊಳಗೆ ನಾಲಿಗೆ ಅಂಟಂಟು. ಸಕ್ಕರೆ ನಿಮ್ಮ ಕೈಯಲ್ಲಿರಲಿ ಎಂಬುದೊಂದೇ ಕಾರಣ ಸಾಕು.

ವೈನ್ ದುಬಾರಿಯದ್ದು ಬೇಡ, ಆದರೆ ಹಾಗೇ ಕುಡಿಯಲಾಗದಂಥ ಕಳಪೆಯದೂ ಬೇಡ. ಮುಖ್ಯವಾಗಿ ಒಗರು ಕಡಿಮೆ ಇರಬೇಕು. ಓಕ್ ಮರದ ಪೀಪಾಯಿಯಲ್ಲಿ ಇಟ್ಟು ಮಾಗಿಸಿದ ಭಾರದ ವೈನ್‌ಗಳು ಬಿಸಿಯಾದಾಗ ಹಲಸಿನ ಸೊನೆಯ ಹಾಗೆ ಬಾಯಿ ಹಿಡಿಯುತ್ತವೆ. ಡಾರ್ನ್‌ಫೆಲ್ಡರ್, ಎಳೆಯ ಮೆರ್ಲೋ ಇವೆಲ್ಲ ನಡೆಯುತ್ತವೆ. ನಮ್ಮ ಈ ವ್ಯುರ್ಟೆಂಬರ್ಗ್ ಸೀಮೆಯವರ ಮೆಚ್ಚಿನ ತಿಳಿಗೆಂಪು ಟ್ರೋಲಿಂಗರ್ ಕೂಡ ಆದೀತು; ಅದಕ್ಕೆ ಮಾತ್ರ ಮಸಾಲೆ ಇನ್ನೂ ಹಗುರವಾಗಿ ಹಾಕಬೇಕು.

ನನ್ನ ಅಳತೆ ಹೀಗಿದೆ. 750 ಮಿಲಿಲೀಟರಿನ ಒಂದು ಬಾಟಲಿಗೆ ಎರಡು ತುಂಡು ಚಕ್ಕೆ, ನಾಲ್ಕು ಲವಂಗ, ಒಂದು ಚಕ್ರಮೊಗ್ಗು, ಒಂದು ಕಿತ್ತಳೆಯ ಸಿಪ್ಪೆ ಮತ್ತು ರಸ, 60 ಗ್ರಾಂ ಸಕ್ಕರೆ. ನಾಲ್ಕು ಮಗ್ಗು ಆಗುತ್ತದೆ. ಲವಂಗ ನಾಲ್ಕೇ ಸಾಕಾ ಎಂದು ಕೇಳಬೇಡಿ. ಐದನೆಯದನ್ನು ಹಾಕಿದ ದಿನ ನಾಲ್ಕು ಮಗ್ಗುಗಳಲ್ಲೂ ಅದೊಂದೇ ಮಾತಾಡುತ್ತದೆ. ಕಿತ್ತಳೆಯ ಹೊರಸಿಪ್ಪೆ ಮಾತ್ರ ಹೆರೆದುಕೊಳ್ಳಿ, ಒಳಗಿನ ಬಿಳಿ ಪದರ ಕಹಿ. ಮೇಣ ಬಳಿಯದ, ಔಷಧಿ ಹೊಡೆಯದ ಹಣ್ಣು ಸಿಕ್ಕರೆ ಅದನ್ನೇ ತನ್ನಿ. ಮಸಾಲೆ ಪುಡಿ ಬೇಡವೇ ಬೇಡ. ಪುಡಿ ಸೋಸಿದರೂ ಹೋಗದು, ವೈನ್ ರಾಡಿಯಾಗುತ್ತದೆ.

ಕೂತು ಕುಡಿಯುವುದಕ್ಕೆ ಗ್ಲೋಗ್

ಸ್ವೀಡನ್ನಿನವರ ಗ್ಲೋಗ್ ನನ್ನ ಮೆಚ್ಚಿನದು. ಅದನ್ನು ಮುಚ್ಚಿಡುವುದಿಲ್ಲ. ಕಾರಣ ಏಲಕ್ಕಿ.

ಜರ್ಮನರು ಕ್ರಿಸ್‌ಮಸ್ ಎಂದರೆ ಚಕ್ಕೆ ಹುಡುಕುತ್ತಾರೆ. ಸ್ವೀಡನ್ನಿನವರಿಗೆ ಏಲಕ್ಕಿ ಬೇಕು. ಅವರ ಬನ್ನಿನಲ್ಲೂ ಏಲಕ್ಕಿ, ಗ್ಲೋಗಿನಲ್ಲೂ ಏಲಕ್ಕಿ. ಸಕಲೇಶಪುರ, ಕೊಡಗಿನ ತೋಟಗಳ ಕಾಯನ್ನು ಊರಿನಿಂದ ಡಬ್ಬಿಯಲ್ಲಿ ತಂದಿಟ್ಟುಕೊಂಡ ನಮ್ಮಂಥವರಿಗೆ ಈ ಪಾನೀಯದ ಮುಂದೆ ಪರದೇಶಿ ಎನ್ನಿಸುವುದಿಲ್ಲ. ಕಾಯಿಯನ್ನು ಕುಟ್ಟಾಣಿಯಲ್ಲಿ ಒಂದೇ ಏಟು ಹಾಕಿ ಬಾಯಿ ಬಿಡಿಸಿದರೆ ಸಾಕು. ಒಳಗಿನ ಕಾಳು ಕಪ್ಪಗೆ, ಅಂಟಂಟಾಗಿ ಇರಬೇಕು. ಕಂದಿ ಒಣಗಿ ಉದುರುತ್ತಿದ್ದರೆ ಆ ಕಾಯಿ ಸತ್ತಿದೆ, ಪಾಯಸಕ್ಕೂ ಆಗದು.

ಗ್ಲೋಗ್ ಮಗ್ಗಿನಲ್ಲಿ ಕುಡಿಯುವ ಪಾನೀಯವಲ್ಲ. ಬೆರಳೆರಡರಲ್ಲಿ ಹಿಡಿಯುವಷ್ಟು ಪುಟ್ಟ ಕಪ್ಪು, 70 ಮಿಲಿಲೀಟರ್ ಹಿಡಿದರೆ ಹೆಚ್ಚು. ತಳಕ್ಕೆ ನಾಲ್ಕೈದು ಒಣದ್ರಾಕ್ಷಿ, ಸಿಪ್ಪೆ ಸುಲಿದ ಎರಡು ಮೂರು ಬಾದಾಮಿ ಹಾಕಿ, ಮೇಲಿನಿಂದ ಬಿಸಿ ಗ್ಲೋಗ್ ಬಗ್ಗಿಸುತ್ತಾರೆ. ಜೊತೆಗೊಂದು ಪುಟ್ಟ ಚಮಚ. ಕುಡಿಯುತ್ತ ಮಾತಾಡುತ್ತ ಇರುವಾಗ ದ್ರಾಕ್ಷಿ ಉಬ್ಬುತ್ತದೆ. ಕೊನೆಗೆ ಚಮಚದಲ್ಲಿ ತೆಗೆದು ತಿನ್ನುವುದು. ಪಕ್ಕದಲ್ಲಿ ಕಾಗದದಷ್ಟು ತೆಳ್ಳಗಿನ ಶುಂಠಿ ಬಿಸ್ಕತ್ತು, ಡಿಸೆಂಬರ್ 13ರ ಲೂಸಿಯಾ ಹಬ್ಬದ ದಿನವಾದರೆ ಕೇಸರಿ ಹಾಕಿದ ಹಳದಿ ಬನ್ನು. ಇದು ದಿವಾನಖಾನೆಯಲ್ಲಿ ಮೇಣದಬತ್ತಿ ಹಚ್ಚಿಟ್ಟುಕೊಂಡು, ಗಡಿಬಿಡಿಯಿಲ್ಲದೆ ಕೂರುವವರಿಗೆ.

ಮಾಡುವ ಕ್ರಮ ಗ್ಲೂವೈನಿಗಿಂತ ಬೇರೆ, ಮತ್ತು ನನ್ನ ಲೆಕ್ಕದಲ್ಲಿ ಜಾಣತನದ್ದು. ಮಸಾಲೆಯನ್ನು ವೈನಿನಲ್ಲಿ ಕಾಯಿಸುವುದಕ್ಕೆ ಮೊದಲು ವೋಡ್ಕಾದಲ್ಲಿ ನೆನೆಹಾಕುತ್ತಾರೆ. 100 ಮಿಲಿಲೀಟರ್ ವೋಡ್ಕಾಕ್ಕೆ ಹತ್ತು ಏಲಕ್ಕಿ, ಎರಡು ತುಂಡು ಚಕ್ಕೆ, ಆರು ಲವಂಗ, ಒಂದು ಸಣ್ಣ ತುಂಡು ಒಣಶುಂಠಿ, ಒಣಗಿಸಿದ ಕಹಿ ಕಿತ್ತಳೆಯ ಸಿಪ್ಪೆ. ಗಾಜಿನ ಭರಣಿಯಲ್ಲಿ ಹಾಕಿ ಮುಚ್ಚಿ ರಾತ್ರಿಯಿಡೀ ಬಿಡಿ. ಮಸಾಲೆಯ ಪರಿಮಳ ಇರುವುದು ಅದರ ಎಣ್ಣೆಯಲ್ಲಿ, ಎಣ್ಣೆ ನೀರಿಗಿಂತ ಮದ್ಯಸಾರಕ್ಕೆ ಸುಲಭವಾಗಿ ಬಿಟ್ಟುಕೊಡುತ್ತದೆ. ಬೆಳಿಗ್ಗೆ ನೋಡಿದರೆ ನೀರಿನಂತಿದ್ದ ವೋಡ್ಕಾ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಸೋಸಿ, ಒಂದು ಬಾಟಲಿ ಕೆಂಪು ವೈನ್ ಮತ್ತು 100 ಗ್ರಾಂ ಸಕ್ಕರೆಗೆ ಬೆರೆಸಿ, ಸಣ್ಣ ಉರಿಯಲ್ಲಿ ಸಕ್ಕರೆ ಕರಗುವಷ್ಟು ಬಿಸಿ ಮಾಡಿದರೆ ಮುಗಿಯಿತು. ಬೆಂಕಿಯ ಮೇಲೆ ಹೆಚ್ಚು ಹೊತ್ತು ಇರಬೇಕಾದ್ದೇ ಇಲ್ಲವಾದ್ದರಿಂದ ಕೆಡುವ ಭಯ ಕಡಿಮೆ. ನನ್ನ ಮೊದಲ ವರ್ಷದ ತಪ್ಪನ್ನು ಇದರಲ್ಲಿ ಮಾಡುವುದೇ ಕಷ್ಟ.

ಕೊಳ್ಳುವುದಾದರೆ ಸ್ವೀಡನ್ನಿನಲ್ಲಿ ಒಂದು ವಿಷಯ ತಿಳಿದಿರಲಿ. ವೈನಿನಷ್ಟು ಮದ್ಯಸಾರ ಇರುವ ಗ್ಲೋಗ್ ಸರ್ಕಾರಿ ಮದ್ಯದಂಗಡಿ ಸಿಸ್ಟಮ್‌ಬೊಲಾಗೆಟ್ಟಿನಲ್ಲಿ ಮಾತ್ರ ಸಿಗುತ್ತದೆ. ದಿನಸಿ ಅಂಗಡಿಯ ಗ್ಲೋಗ್ ಮದ್ಯವಿಲ್ಲದ್ದು ಅಥವಾ ಹೆಸರಿಗಷ್ಟೇ ಇರುವಂಥದ್ದು. ಬ್ಲೋಸಾ ಎಂಬ ಬ್ರಾಂಡ್ 2003ರಿಂದ ವರ್ಷಕ್ಕೊಂದು ಹೊಸ ರುಚಿಯ ಗ್ಲೋಗ್ ತರುತ್ತಿದೆ, ಬಾಟಲಿಯನ್ನು ಕೂಡಿಡುವವರೂ ಇದ್ದಾರೆ.

ಯಾವುದು ಹೆಚ್ಚು ಏರುತ್ತದೆ?

ಇದನ್ನು ಎಲ್ಲರೂ ಕೇಳುತ್ತಾರೆ. ಗ್ಲೋಗ್ ಗಟ್ಟಿ ಎಂಬುದು ನಿಜ. ಮೇಲಿನ ಅಳತೆಯಲ್ಲಿ ಶೇ 14ರ ಸುಮಾರು ನಿಲ್ಲುತ್ತದೆ. ಆದರೆ ಕಪ್ಪಿನ ಲೆಕ್ಕ ಹಾಕಿ. ಶೇ 10ರ ಗ್ಲೂವೈನ್ 200 ಮಿಲಿಲೀಟರಿನ ಒಂದು ಮಗ್ಗಿನಲ್ಲಿ ಸುಮಾರು 16 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಗ್ಲೋಗಿನ ಒಂದು ಪುಟ್ಟ ಕಪ್ಪಿನಲ್ಲಿ 8 ಗ್ರಾಂ. ಅಂದರೆ ಎರಡು ಕಪ್ಪು ಗ್ಲೋಗ್ ಒಂದು ಮಗ್ಗು ಗ್ಲೂವೈನಿಗೆ ಸಮ. ಸಂತೆಯಲ್ಲಿ ‘ಮಿಟ್ ಶುಸ್’ ಎಂದು ಕೇಳಿದರೆ ಮಗ್ಗಿಗೆ ರಮ್ ಅಥವಾ ಬಾದಾಮಿ ಘಮದ ಸಿಹಿ ಮದ್ಯವಾದ ಅಮರೆಟ್ಟೊ ಸುರಿಯುತ್ತಾರೆ. ಎರಡು ಸೆಂಟಿಲೀಟರ್ ರಮ್ ಎಂದರೆ ಇನ್ನೂ 6 ಗ್ರಾಂ. ಸಿಹಿಯಲ್ಲಿ, ಬಿಸಿಯಲ್ಲಿ ಅದು ನಾಲಿಗೆಗೆ ತಿಳಿಯುವುದೇ ಇಲ್ಲ. ಜರ್ಮನಿಯಲ್ಲಿ ಗಾಡಿ ಓಡಿಸುವವರ ರಕ್ತದಲ್ಲಿ ಮದ್ಯಸಾರದ ಮಿತಿ ಸಾವಿರಕ್ಕೆ 0.5, ಸ್ವೀಡನ್ನಿನಲ್ಲಿ 0.2, ಜರ್ಮನಿಯಲ್ಲಿ ಲೈಸೆನ್ಸ್ ಪಡೆದ ಮೊದಲ ಎರಡು ವರ್ಷ ಸೊನ್ನೆ. ಊರಿನ ಲೈಸೆನ್ಸನ್ನು ಇಲ್ಲಿಯದಕ್ಕೆ ಬದಲಾಯಿಸಿಕೊಳ್ಳಲು ಓಡಾಡುತ್ತಿರುವ ಹೊಸ ಹುಡುಗರಿಗೆ ನಾನು ಹೇಳುವುದಿಷ್ಟೇ, ಸಂತೆಗೆ ರೈಲಿನಲ್ಲಿ ಬನ್ನಿ.

ಬಿಳಿ ವೈನ್, ಬ್ರಿಟನ್ನಿನದು, ಬೆಂಕಿಯದು

ಬ್ರಿಟನ್ನಿನ ಮಲ್ಡ್ ವೈನಿಗೆ ಜಾಯಿಕಾಯಿ ತುರಿದು ಹಾಕುತ್ತಾರೆ, ಸ್ವಲ್ಪ ಬ್ರಾಂದಿ ಅಥವಾ ಪೋರ್ಟ್ ಸೇರಿಸುವುದುಂಟು. ಗ್ಲೂವೈನ್ ಮಾಡಲು ಬಂದವರಿಗೆ ಇದರಲ್ಲಿ ಹೊಸದಾಗಿ ಕಲಿಯುವುದು ಹೆಚ್ಚಿಲ್ಲ.

ಬಿಳಿ ವೈನಿನದು ಬೇರೆ ಮಾತು. ಸ್ಟ್ರಾಸ್‌ಬರ್ಗ್‌ನ ಸಂತೆ 1570ರಷ್ಟು ಹಳೆಯದು. ಆ ಆಲ್ಸೇಸ್ ಸೀಮೆಯಲ್ಲಿ ಬಿಳಿ ದ್ರಾಕ್ಷಿಯೇ ಹೆಚ್ಚು, ಬಿಸಿ ವೈನೂ ಅಲ್ಲಿ ಬಿಳಿಯದೇ ಹೆಸರುವಾಸಿ. ಕೆಂಪು ವೈನ್ ತಲೆನೋವು ತರುತ್ತದೆ ಎನ್ನುವವರಿಗೆ, ಊಟಕ್ಕೆ ಮೊದಲು ಕೊಡುವುದಕ್ಕೆ ಇದು ಹಗುರ. ಚಕ್ಕೆಯನ್ನು ಅರ್ಧ ಮಾಡಿ, ಲವಂಗ ಎರಡು ಸಾಕು, ಕಿತ್ತಳೆಯ ಬದಲು ನಿಂಬೆ ಸಿಪ್ಪೆ, ಸಕ್ಕರೆಯ ಬದಲು ಜೇನುತುಪ್ಪ, ಜೊತೆಗೆ ಹಸಿಶುಂಠಿಯ ಎರಡು ಬಿಲ್ಲೆ. ಜೇನನ್ನು ಒಲೆ ಆರಿಸಿದ ಮೇಲೆ ಹಾಕಿ.

ಇನ್ನು ಹೊಸ ವರ್ಷದ ರಾತ್ರಿಗೆ ಜರ್ಮನರು ಮಾಡುವ ಫಾಯರ್‌ತ್ಸಾಂಗೆನ್‌ಬೋಲೆ. ಮಸಾಲೆ ಹಾಕಿ ಕಾಯಿಸಿದ ಕೆಂಪು ವೈನಿನ ಪಾತ್ರೆಯ ಮೇಲೆ ಲೋಹದ ಇಕ್ಕಳ ಅಡ್ಡ ಇಟ್ಟು, ಅದರ ಮೇಲೆ ಶಂಕುವಿನಾಕಾರದ ಸಕ್ಕರೆ ಗಟ್ಟಿಯನ್ನು ಮಲಗಿಸಿ, ಶೇ 54ರ ರಮ್ಮಿನಲ್ಲಿ ತೋಯಿಸಿ ಬೆಂಕಿ ಕೊಡುತ್ತಾರೆ. ದೀಪ ಆರಿಸಿದರೆ ನೀಲಿ ಜ್ವಾಲೆ ಸಕ್ಕರೆಯ ಮೇಲೆ ಹರಿದಾಡುತ್ತದೆ. ಸಕ್ಕರೆ ಕರಗಿ, ಅಂಚಿನಲ್ಲಿ ಕಂದಾಗಿ, ಉರಿಯುತ್ತಲೇ ಹನಿಹನಿಯಾಗಿ ವೈನಿಗೆ ಬೀಳುವಾಗ ಒಂದೊಂದು ಹನಿಗೂ ಚುಯ್ ಎಂಬ ಸದ್ದು. ಸುಟ್ಟ ಸಕ್ಕರೆಯ ಆ ರುಚಿ ಬೇರೆ ಯಾವ ಬಿಸಿ ವೈನಿನಲ್ಲೂ ಬರುವುದಿಲ್ಲ. ಆದರೆ ಉರಿಯುವ ಸಕ್ಕರೆಗೆ ಬಾಟಲಿಯಿಂದ ನೇರವಾಗಿ ರಮ್ ಸುರಿಯಕೂಡದು, ಜ್ವಾಲೆ ಬಾಟಲಿಯೊಳಗೆ ನುಗ್ಗುತ್ತದೆ. ಸೌಟಿನಲ್ಲಿ ತೆಗೆದುಕೊಂಡೇ ಹಾಕಬೇಕು. ಪರದೆ, ಮಕ್ಕಳು, ಸೀರೆ ಸೆರಗು ಇರುವ ಮನೆಯೊಳಗೆ ನಾನು ಇದನ್ನು ಮಾಡುವುದಿಲ್ಲ, ಬೇರೆಯವರಿಗೂ ಬೇಡ ಎನ್ನುತ್ತೇನೆ. ಅಂಗಳವಿದ್ದರೆ ವರ್ಷಕ್ಕೊಮ್ಮೆ ಮಾಡಿ.

ಮದ್ಯ ಮುಟ್ಟದವರಿಗೆ

ನಮ್ಮ ಮನೆಗಳಿಗೆ ಹತ್ತು ಜನ ಬಂದರೆ ನಾಲ್ಕು ಜನ ಕುಡಿಯದವರು ಇದ್ದೇ ಇರುತ್ತಾರೆ. ಅವರ ಕೈಗೆ ತಣ್ಣನೆಯ ಪ್ಯಾಕೆಟ್ ಜ್ಯೂಸ್ ಕೊಟ್ಟು ಉಳಿದವರು ಹಬೆಯಾಡುವ ಮಗ್ಗು ಹಿಡಿದು ನಿಂತರೆ ನನಗೆ ಸಂಕಟವಾಗುತ್ತದೆ. ಜರ್ಮನ್ ಸಂತೆಗಳಲ್ಲಿ ಇದಕ್ಕೆಂದೇ ಕಿಂಡರ್‌ಪುನ್ಶ್ ಇದೆ. ಹೆಸರು ಮಕ್ಕಳದಾದರೂ ದೊಡ್ಡವರೂ ಕುಡಿಯುತ್ತಾರೆ. ಕೆಂಪು ದ್ರಾಕ್ಷಿ ರಸ, ಸೇಬಿನ ರಸ, ಹಣ್ಣಿನ ಚಹಾ, ಅದೇ ಮಸಾಲೆ.

ಎರಡು ವರ್ಷದ ಹಿಂದೆ ಆಯಿ ಇಲ್ಲಿಗೆ ಬಂದಿದ್ದಳು. ದ್ರಾಕ್ಷಿ ರಸದ್ದು ಬರೀ ಸಿಹಿ ಎಂದು ಪಕ್ಕಕ್ಕಿಟ್ಟಳು. ಸರಿಯಾದ ಮಾತು. ವೈನಿನಲ್ಲಿರುವ ಹುಳಿ, ಒಗರು ಇಲ್ಲದಿದ್ದರೆ ಮಸಾಲೆ ನಿಲ್ಲುವುದಕ್ಕೆ ಜಾಗವೇ ಇರುವುದಿಲ್ಲ. ಮರುದಿನ ಅವಳೇ ತಂದಿದ್ದ ಒಣ ಮುರುಗಲು ಸಿಪ್ಪೆಯನ್ನು ನೆನೆಹಾಕಿ, ಹಿಂಡಿ, ದ್ರಾಕ್ಷಿ ರಸಕ್ಕೆ ಬೆರೆಸಿ, ಚಕ್ಕೆ, ಏಲಕ್ಕಿ, ಕಿತ್ತಳೆ ಸಿಪ್ಪೆ ಹಾಕಿ ಕಾಯಿಸಿದೆ. ಬಣ್ಣ ವೈನಿನದೇ, ಹುಳಿ ನಮ್ಮೂರಿನದು. ಒಂದು ಗುಟುಕು ಕುಡಿದು, “ಇದೆಂತಾ, ನಮ್ಮನೆ ಕಷಾಯಕ್ಕೆ ಕಿತ್ತಳೆ ಹಾಕಿದಂಗೆ ಇದ್ದಲ” ಅಂದಳು, ಇನ್ನೊಂದು ಮಗ್ಗು ಕೇಳಿ ಕುಡಿದಳು. ಅಳತೆ ಬೇಕಾದರೆ: ಅರ್ಧ ಲೀಟರ್ ದ್ರಾಕ್ಷಿ ರಸ, ಎಂಟು ಸಿಪ್ಪೆ ಮುರುಗಲು ನೆನೆಸಿದ ಒಂದು ಲೋಟ ನೀರು, ಸಕ್ಕರೆ ಬೇಡ. ಮಂಗಳೂರು ಕಡೆಯವರ ಪುನರ್ಪುಳಿಯೂ ಇದೇ. ಇದನ್ನು ಕಷಾಯದಂತೆ ಧಾರಾಳವಾಗಿ ಕುದಿಸಬಹುದು, ಹಾರಿಹೋಗುವ ಮದ್ಯಸಾರ ಇದರಲ್ಲಿಲ್ಲ. ಪಾತ್ರೆ ಮತ್ತು ಸೌಟು ಮಾತ್ರ ಬೇರೆಯೇ ಇಡಿ; ಕುಡಿಯದವರಿಗೆ ಅದು ಮುಖ್ಯ, ಅವರು ಕೇಳುವ ಮೊದಲೇ ಕಾಣುವಂತಿರಲಿ.

ಬೆಂಗಳೂರಿನಲ್ಲಿ ಮಾಡುವವರಿಗೆ

ಬೆಂಗಳೂರಿನ ಡಿಸೆಂಬರ್ ರಾತ್ರಿ 15-16 ಡಿಗ್ರಿಗೆ ಇಳಿಯುತ್ತದೆ. ಆ ಚಳಿಗೆ 200 ಮಿಲಿಲೀಟರಿನ ಮಗ್ಗು ಹೆಚ್ಚಾಯಿತು, ಅರ್ಧದಲ್ಲೇ ಬೆವರು ಬರುತ್ತದೆ. ಗ್ಲೋಗ್ ಪುಟ್ಟ ಕಪ್ಪಿನಲ್ಲಿ ಸರಿಹೊಂದುತ್ತದೆ, ಒಣದ್ರಾಕ್ಷಿ ಬಾದಾಮಿಗೂ ಅಲ್ಲಿ ಬರವಿಲ್ಲ. ನಮ್ಮಲ್ಲಿ ಪೋರ್ಟ್ ಎಂದು ಮಾರುವ ಸಿಹಿ ಕೆಂಪು ವೈನ್ ಬಳಸುವುದಾದರೆ ಸಕ್ಕರೆ ಹಾಕುವ ಮೊದಲು ರುಚಿ ನೋಡಿ, ಹೆಚ್ಚಾಗಿ ಬೇಕಾಗುವುದೇ ಇಲ್ಲ. ಬದಲಿಗೆ ನಿಂಬೆ ರಸ ಸ್ವಲ್ಪ ಹಿಂಡಬೇಕಾಗುತ್ತದೆ. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳ ತಟ್ಟೆಯ ಜೊತೆ ಕೊಡುವ ಮನೆಯ ದ್ರಾಕ್ಷಿ ವೈನ್ ಸಿಕ್ಕರೆ ಮಾತ್ರ ದಯವಿಟ್ಟು ಕಾಯಿಸಬೇಡಿ. ಅದು ಹಾಗೇ ಕುಡಿಯಲೆಂದು ತಿಂಗಳುಗಟ್ಟಲೆ ಕಾದು ಮಾಡಿದ್ದು.

ಅಂಗಡಿಯಲ್ಲಿ ಸಿಗುವ ದಪ್ಪ ಚಕ್ಕೆ ಕ್ಯಾಸಿಯಾ ಜಾತಿಯದು, ಖಾರ ಜಾಸ್ತಿ. ಮೇಲಿನ ಅಳತೆಯಲ್ಲಿ ಎರಡು ತುಂಡು ಎಂದಲ್ಲಿ ಒಂದೇ ಹಾಕಿ. ಸುರುಳಿಯೊಳಗೆ ಸುರುಳಿಯಾಗಿ, ಬೀಡಿಯಂತೆ ತೆಳ್ಳಗಿರುವ ಸಿಲೋನ್ ಚಕ್ಕೆ ಸಿಕ್ಕರೆ ಎರಡೂ ಇರಲಿ.

ಪಾತ್ರೆಯ ಮುಂದೆ ನಿಂತಾಗ

ಯಾವುದನ್ನೇ ಆರಿಸಿದರೂ ಒಲೆಯ ಮುಂದಿನ ಕೆಲಸ ಒಂದೇ. ಕಷಾಯ ಮಾಡುವ ಕೈಯನ್ನು ಬಿಡಬೇಕಾದ್ದಿಲ್ಲ, ಅದಕ್ಕೆ ಬೇರೆ ಜಾಗ ಕೊಟ್ಟರಾಯಿತು. ಗ್ಲೂವೈನಿಗೆ ನಾನು ಮೊದಲು ಸಕ್ಕರೆ, ಕಿತ್ತಳೆ ರಸ, ಮಸಾಲೆ ಮತ್ತು ಎರಡು ಸೌಟು ವೈನನ್ನಷ್ಟೇ ಪಾತ್ರೆಗೆ ಹಾಕಿ ಐದು ನಿಮಿಷ ಚೆನ್ನಾಗಿ ಕುದಿಸಿ ಪಾಕ ಮಾಡಿಕೊಳ್ಳುತ್ತೇನೆ. ಮಸಾಲೆಯ ಸತ್ವ ಅದರಲ್ಲಿ ಬಿಡುತ್ತದೆ. ಆಮೇಲೆ ಉರಿ ತೀರಾ ಸಣ್ಣದು ಮಾಡಿ ಉಳಿದ ವೈನ್ ಸುರಿಯುವುದು. ಅಲ್ಲಿಂದ ಮುಂದೆ ಕುದಿ ಬರಬಾರದು.

ಶುದ್ಧ ಮದ್ಯಸಾರ ಕುದಿಯುವುದು 78 ಡಿಗ್ರಿಯಲ್ಲಿ. ವೈನಿನಲ್ಲಿ ನೀರೂ ಇರುವುದರಿಂದ ಅದು ಇನ್ನೂ ಸ್ವಲ್ಪ ಮೇಲೆ ಕುದಿಯುತ್ತದೆ, ಆದರೆ ಮೊದಲು ಹಾರಿಹೋಗುವುದು ಮದ್ಯಸಾರವೂ ಹಣ್ಣಿನ ಘಮವೂ. 70ರಿಂದ 75 ಡಿಗ್ರಿ ಸಾಕು. ಥರ್ಮಾಮೀಟರ್ ಇಲ್ಲದಿದ್ದರೆ ಪಾತ್ರೆಯ ಮೇಲ್ಮೈ ನೋಡಿ. ಮೊದಲು ತೆಳ್ಳನೆ ಹಬೆ ನಿಧಾನ ಏಳುತ್ತದೆ, ಆಮೇಲೆ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಪಾತ್ರೆಗೆ ಅಂಟಿಕೊಂಡು ನಿಲ್ಲುತ್ತವೆ. ಆ ಗುಳ್ಳೆ ಬಿಟ್ಟು ಮೇಲಕ್ಕೆ ಬರುವ ಮೊದಲೇ ಒಲೆ ಆರಿಸಬೇಕು. ಮುಚ್ಚಳ ಮುಚ್ಚಿ ಹದಿನೈದು ನಿಮಿಷ ಬಿಟ್ಟು, ಸೋಸಿ, ಬೇಕಾದರೆ ಮತ್ತೊಮ್ಮೆ ಬೆಚ್ಚಗೆ ಮಾಡಿ ಬಡಿಸಿ.

ಸ್ಟೀಲ್ ಅಥವಾ ಎನಾಮೆಲ್ ಪಾತ್ರೆ ಆಗಬೇಕು. ಹಿಂಡಾಲಿಯಂ, ಕಲಾಯಿ ಹೋದ ತಾಮ್ರ ಎರಡೂ ವೈನಿನ ಹುಳಿಗೆ ಒಗ್ಗುವುದಿಲ್ಲ, ಲೋಹದ ರುಚಿ ಬರುತ್ತದೆ.

ಉಳಿದರೆ ಮಸಾಲೆ ತೆಗೆದು ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ, ಎರಡು ಮೂರು ದಿನದೊಳಗೆ ಮುಗಿಸಿ. ಮಸಾಲೆ ಅದರಲ್ಲೇ ಬಿಟ್ಟರೆ ಬೆಳಗಾಗುವುದರೊಳಗೆ ಲವಂಗ ಎಲ್ಲವನ್ನೂ ನುಂಗಿರುತ್ತದೆ. ಸೋಸಿದ ಏಲಕ್ಕಿ, ಚಕ್ಕೆಗಳಲ್ಲಿ ಇನ್ನೂ ಜೀವ ಇರುತ್ತದೆ, ಎಸೆಯಬೇಡಿ; ಸಕ್ಕರೆ ಡಬ್ಬಿಯಲ್ಲಿ ಒಣಗಿಸಿ ಹುಗಿದಿಟ್ಟರೆ ಜನವರಿಯ ಕೇಕಿಗೆ ಬರುತ್ತದೆ.